ಷೇರು ಕೊಳ್ಳುವ ಮುನ್ನ

ಸಂತೆಯಲ್ಲಿ ಮಡಕೆ ಕೊಳ್ಳುವ ಗೃಹಿಣಿ ಅದನ್ನು ಬೆರಳಿನಿಂದ ತಟ್ಟಿ, ನಾದವನ್ನು ಕೇಳಿ, ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ಹಣ ಕೊಡುತ್ತಾಳೆ. ಮಗಳಿಗೆ ವರನನ್ನು ಗೊತ್ತುಮಾಡುವ ತಂದೆ ಹುಡುಗನ ವಿದ್ಯೆ, ಉದ್ಯೋಗ, ಮನೆತನ, ಸಾಲಸೋಲಗಳನ್ನು ನಾಲ್ಕು ಕಡೆ ವಿಚಾರಿಸದೆ ತಾಂಬೂಲ ಬದಲಾಯಿಸುವುದಿಲ್ಲ. ಇಷ್ಟು ಎಚ್ಚರವುಳ್ಳ ಸಂಸಾರವೇ ಹತ್ತು ವರ್ಷಗಳ ಉಳಿತಾಯವನ್ನು ಒಂದು ಕಂಪೆನಿಯ ಷೇರಿಗೆ ಹಾಕುವಾಗ ಮಾತ್ರ, ಕಚೇರಿಯ ಮಿತ್ರನೊಬ್ಬನ ಪಿಸುಮಾತನ್ನೋ ಮೊಬೈಲಿಗೆ ಬಂದ ಅನಾಮಧೇಯ ಸಂದೇಶವನ್ನೋ ಸಾಕೆಂದು ನಂಬಿಬಿಡುವುದುಂಟು. ಹಿಂದೆ ಷೇರು ಕೊಳ್ಳಬೇಕಾದರೆ ದಲ್ಲಾಳಿಯನ್ನು ಕಾಣಬೇಕಾಗಿತ್ತು. ಅರ್ಜಿ ತುಂಬಿ, ಕಾಗದಪತ್ರಗಳಿಗಾಗಿ ವಾರಗಟ್ಟಲೆ ಕಾಯಬೇಕಾಗಿತ್ತು. ಆ ವಿಳಂಬದಲ್ಲಿ ಯೋಚಿಸಲು ಒಂದಿಷ್ಟು ಅವಕಾಶವಾದರೂ ದೊರೆಯುತ್ತಿತ್ತು. ಇಂದು ಡಿಮ್ಯಾಟ್ ಖಾತೆಯುಳ್ಳವರು ಕಾಫಿ ಆರುವಷ್ಟರಲ್ಲಿ ಷೇರುದಾರರಾಗಿಬಿಡಬಹುದು. ಕೊಳ್ಳುವುದು ಸುಲಭವಾದಷ್ಟೂ ವಿಚಾರಿಸುವ ಹೊಣೆ ಕೊಳ್ಳುವವರ ಮೇಲೆಯೇ ಬಿದ್ದಿದೆ.

ಷೇರೆಂದರೆ ಪಾಲು

ಬ್ಯಾಂಕಿನಲ್ಲಿ ಠೇವಣಿ ಇಟ್ಟವನು ಸಾಲ ಕೊಟ್ಟವನಿದ್ದಂತೆ. ಗೊತ್ತಾದ ಬಡ್ಡಿಯನ್ನೂ ಅಸಲನ್ನೂ ಕೇಳುವ ಹಕ್ಕು ಅವನಿಗುಂಟು. ಬ್ಯಾಂಕು ಮುಳುಗಿದರೂ ಒಂದು ಮಿತಿಯವರೆಗೆ ವಿಮೆಯ ರಕ್ಷಣೆ ಇರುತ್ತದೆ. ೨೦೨೦ರಲ್ಲಿ ಆ ಮಿತಿಯನ್ನು ಒಂದು ಲಕ್ಷದಿಂದ ಐದು ಲಕ್ಷ ರೂಪಾಯಿಗೆ ಏರಿಸಲಾಯಿತು. ಷೇರು ಕೊಂಡವನ ಸ್ಥಿತಿ ಬೇರೆ. ಅವನು ಕಂಪೆನಿಯ ಪಾಲುದಾರ. ಲಾಭ ಬಂದರೆ ಅವನದೂ ಒಂದು ಪಾಲು. ಕಂಪೆನಿ ಮುಚ್ಚಿಹೋದರೆ, ಕಾರ್ಮಿಕರು, ಸಾಲಿಗರು, ಸರ್ಕಾರ ಎಲ್ಲರೂ ತಮ್ಮ ತಮ್ಮ ಬಾಕಿಯನ್ನು ಪಡೆದ ಮೇಲೆ ಏನಾದರೂ ಉಳಿದಿದ್ದರೆ ಮಾತ್ರ ಅವನ ಸರದಿ. ಹಾಕಿದ ಹಣಕ್ಕಿಂತ ಹೆಚ್ಚಿನ ಹೊಣೆ ಅವನಿಗಿಲ್ಲವೆಂಬುದೊಂದೇ ಸಮಾಧಾನ. ಪಂಕ್ತಿಯ ಕೊನೆಯಲ್ಲಿ ಕುಳಿತುಕೊಳ್ಳುವವನು ಅಡಿಗೆಮನೆಯಲ್ಲಿ ಏನು ಬೇಯುತ್ತಿದೆಯೆಂದು ಮೊದಲೇ ತಿಳಿದುಕೊಳ್ಳುವುದು ವಿವೇಕ.

ಬಲ್ಲವರೂ ಕೇಳದೆ ಹೋದಾಗ

ವಿಚಾರಿಸದೆ ಕೊಳ್ಳುವ ದೋಷ ಸಾಮಾನ್ಯ ಜನರದು ಮಾತ್ರವೆಂದು ಭಾವಿಸಬೇಕಾಗಿಲ್ಲ. ಲಕ್ಷಾಂತರ ಸಂಸಾರಗಳ ವಿಮಾ ಕಂತುಗಳನ್ನು ಕಾಪಾಡಲೆಂದು ೧೯೫೬ರಲ್ಲಿ ಜೀವ ವಿಮಾ ನಿಗಮವು ಸ್ಥಾಪಿತವಾಯಿತು. ಒಂದು ವರ್ಷ ತುಂಬುವ ಮೊದಲೇ, ೧೯೫೭ರ ಜೂನ್ ತಿಂಗಳಿನಲ್ಲಿ, ನಿಗಮವು ಹರಿದಾಸ ಮುಂಧ್ರಾ ಎಂಬ ಉದ್ಯಮಿಯ ಹಿಡಿತದಲ್ಲಿದ್ದ ಆರು ಕಂಪೆನಿಗಳ ಷೇರುಗಳನ್ನು ಸುಮಾರು ಒಂದೂಕಾಲು ಕೋಟಿ ರೂಪಾಯಿಗೆ ಕೊಂಡಿತು. ಮುಂಧ್ರಾ ಆಗ ಹಣದ ಬಿಕ್ಕಟ್ಟಿನಲ್ಲಿ ಸಿಲುಕಿದ್ದ ವ್ಯಕ್ತಿ. ಇಂಥ ಖರೀದಿಗಳನ್ನು ಪರಿಶೀಲಿಸಲೆಂದೇ ನಿಗಮದಲ್ಲಿ ಬಂಡವಾಳ ಸಮಿತಿಯೊಂದು ಇತ್ತು. ಆದರೆ ಆ ಸಮಿತಿಯನ್ನು ಮುಂದಾಗಿ ಕೇಳಲೇ ಇಲ್ಲ.

ಅದೇ ವರ್ಷದ ಡಿಸೆಂಬರಿನಲ್ಲಿ ಫಿರೋಜ್ ಗಾಂಧಿಯವರು ಈ ವಿಷಯವನ್ನು ಲೋಕಸಭೆಯಲ್ಲಿ ಎತ್ತಿದರು. ಮುಂಬಯಿ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾಗಿದ್ದ ಎಂ. ಸಿ. ಛಾಗ್ಲಾ ಅವರ ಏಕಸದಸ್ಯ ಆಯೋಗವು ಬಹಿರಂಗವಾಗಿ ವಿಚಾರಣೆ ನಡೆಸಿತು. ೧೯೫೮ರ ಫೆಬ್ರವರಿಯಲ್ಲಿ ಅರ್ಥಮಂತ್ರಿ ಟಿ. ಟಿ. ಕೃಷ್ಣಮಾಚಾರಿಯವರು ರಾಜೀನಾಮೆ ನೀಡಿದರು. ಸ್ವತಂತ್ರ ಭಾರತದ ಆ ಮೊದಲ ದೊಡ್ಡ ಹಣಕಾಸಿನ ಹಗರಣದಲ್ಲಿ ಕೇಳಲು ಜನರಿದ್ದರು, ಕೇಳುವ ನಿಯಮವೂ ಇತ್ತು, ಕೇಳುವ ವ್ಯವಧಾನವೊಂದಿರಲಿಲ್ಲ. ಅಷ್ಟು ದೊಡ್ಡ ಸಂಸ್ಥೆಗೆ ಒದಗಿದ ಗತಿ, ಒಂದೇ ಸಂಜೆಯಲ್ಲಿ ತೀರ್ಮಾನ ಮಾಡುವ ಗೃಹಸ್ಥನಿಗೆ ಒದಗಲಾರದೆಂದು ಹೇಳುವಂತಿಲ್ಲ.

ವಾರ್ಷಿಕ ವರದಿಯನ್ನು ಓದುವ ಬಗೆ

ಕಂಪೆನಿಯನ್ನು ಕುರಿತು ಹೊರಗಿನವರು ಹೇಳುವುದಕ್ಕಿಂತ ಮೊದಲು ಕಂಪೆನಿಯೇ ಏನು ಹೇಳಿಕೊಂಡಿದೆಯೆಂಬುದನ್ನು ಓದಬೇಕು. ಷೇರು ಪೇಟೆಗೆ ಸೇರಿದ ಪ್ರತಿಯೊಂದು ಕಂಪೆನಿಯೂ ಮೂರು ತಿಂಗಳಿಗೊಮ್ಮೆ ಫಲಿತಾಂಶವನ್ನೂ ವರ್ಷಕ್ಕೊಮ್ಮೆ ವಾರ್ಷಿಕ ವರದಿಯನ್ನೂ ಪ್ರಕಟಿಸಲೇಬೇಕು. ಮುಂಬಯಿಯ ಎರಡು ಷೇರು ಪೇಟೆಗಳ ಜಾಲತಾಣಗಳಲ್ಲಿ ಇವು ಬಿಡಿಗಾಸಿನ ಖರ್ಚಿಲ್ಲದೆ ದೊರೆಯುತ್ತವೆ. ಹೊಸದಾಗಿ ಷೇರು ನೀಡುವ ಕಂಪೆನಿಯಾದರೆ, ಅದು ಸೆಬಿಗೆ ಸಲ್ಲಿಸುವ ವಿವರಣ ಪತ್ರದಲ್ಲಿ ಅಪಾಯಗಳು, ನ್ಯಾಯಾಲಯದಲ್ಲಿರುವ ವ್ಯಾಜ್ಯಗಳು, ಸಂಗ್ರಹಿಸುವ ಹಣದ ಉದ್ದೇಶ ಇವೆಲ್ಲ ಇರುತ್ತವೆ. ನೂರಾರು ಪುಟಗಳನ್ನು ಕಂಡು ಎದೆಗುಂದಬೇಕಾಗಿಲ್ಲ. ವರ್ಣಚಿತ್ರಗಳನ್ನೂ ಅಧ್ಯಕ್ಷರ ಭಾಷಣವನ್ನೂ ಕೊನೆಗೆ ಇಟ್ಟುಕೊಂಡು, ಕೆಲವೇ ಪ್ರಶ್ನೆಗಳಿಗೆ ಉತ್ತರ ಹುಡುಕಿದರೆ ಸಾಕು.

ಮೊದಲನೆಯದು: ಈ ಕಂಪೆನಿಗೆ ಹಣ ಬರುವುದು ಯಾವುದರಿಂದ? ಏನನ್ನು ಮಾಡಿ, ಯಾರಿಗೆ ಮಾರಿ, ಏಕೆ ಲಾಭ ಪಡೆಯುತ್ತದೆಯೆಂಬುದನ್ನು ಮನೆಯವರಿಗೆ ಎರಡು ವಾಕ್ಯಗಳಲ್ಲಿ ತಿಳಿಸಲಾಗದಿದ್ದರೆ ಆ ಷೇರನ್ನು ಅಲ್ಲಿಗೇ ಬಿಡುವುದು ಲೇಸು. ಬಿಟ್ಟುದರಿಂದ ಯಾವ ನಷ್ಟವೂ ಇಲ್ಲ. ಪೇಟೆಯಲ್ಲಿ ಬೇರೆ ಕಂಪೆನಿಗಳು ಸಾವಿರಾರು ಇವೆ.

ಎರಡನೆಯದು, ಎಲ್ಲಕ್ಕಿಂತ ಮುಖ್ಯವಾದುದು: ಲೆಕ್ಕದಲ್ಲಿ ಕಂಡ ಲಾಭವು ಪೆಟ್ಟಿಗೆಗೆ ಬಂದಿದೆಯೆ? ಇದನ್ನು ಬೀದಿಯ ದಿನಸಿ ಅಂಗಡಿಯ ಉದಾಹರಣೆಯಿಂದ ತಿಳಿಯಬಹುದು. ಅಂಗಡಿಯವನು ವರ್ಷದಲ್ಲಿ ಹತ್ತು ಲಕ್ಷ ರೂಪಾಯಿಯ ಸಾಮಾನು ಮಾರಿದ. ಸರಕು, ಬಾಡಿಗೆ, ಕೂಲಿ ಸೇರಿ ಎಂಟು ಲಕ್ಷ ಖರ್ಚಾಯಿತು. ಲೆಕ್ಕದಂತೆ ಎರಡು ಲಕ್ಷ ಲಾಭ. ಆದರೆ ನಾಲ್ಕು ಲಕ್ಷದ ಸಾಮಾನು ಉದ್ದರಿಯಾಗಿ ಹೋಗಿದೆ. ಕೈಗೆ ಬಂದದ್ದು ಆರು ಲಕ್ಷ, ಕೈಬಿಟ್ಟದ್ದು ಎಂಟು ಲಕ್ಷ. ಲಾಭ ಮಾಡಿದ ಅದೇ ವರ್ಷ ಅಂಗಡಿಯವನು ಎರಡು ಲಕ್ಷ ಸಾಲಕ್ಕೆ ಅಲೆಯಬೇಕಾಗುತ್ತದೆ. ಉದ್ದರಿ ವಸೂಲಾದರೆ ಸರಿ. ಆಗದಿದ್ದರೆ ಆ ಲಾಭ ಕಾಗದದ ಮೇಲಿನ ಶಾಯಿ ಮಾತ್ರ.

ಕಂಪೆನಿಗಳ ವಿಷಯದಲ್ಲಿಯೂ ಹೀಗೆಯೇ. ಲಾಭ-ನಷ್ಟದ ತಖ್ತೆಯ ಜೊತೆಗೆ ನಗದು ಹರಿವಿನ ತಖ್ತೆಯೆಂಬುದೊಂದು ವರದಿಯಲ್ಲಿರುತ್ತದೆ. ವ್ಯಾಪಾರದಿಂದ ನಿಜವಾಗಿ ಎಷ್ಟು ನಗದು ಬಂದಿತೆಂಬುದು ಅದರ ಮೊದಲ ಭಾಗದಲ್ಲಿಯೇ ಕಾಣುತ್ತದೆ. ಐದು ವರ್ಷಗಳ ಲಾಭವನ್ನು ಒಂದು ಕಡೆ, ಐದು ವರ್ಷಗಳಲ್ಲಿ ವ್ಯಾಪಾರದಿಂದ ಬಂದ ನಗದನ್ನು ಇನ್ನೊಂದು ಕಡೆ ಕೂಡಿಸಿ ಹೋಲಿಸಬೇಕು. ಒಂದು ವರ್ಷ ವ್ಯತ್ಯಾಸವಾದರೆ ಅದಕ್ಕೆ ಕಾರಣಗಳಿರಬಹುದು. ವರ್ಷವರ್ಷವೂ ಲಾಭ ಏರುತ್ತ, ನಗದು ಮಾತ್ರ ಬಾರದೆ, ಗಿರಾಕಿಗಳಿಂದ ಬರಬೇಕಾದ ಬಾಕಿ ಬೆಳೆಯುತ್ತಲೇ ಇದ್ದರೆ ಎಚ್ಚರಗೊಳ್ಳಬೇಕು.

ಮೂರನೆಯದು ಸಾಲ. ಆಸ್ತಿ ಹೊಣೆಗಳನ್ನು ತೋರಿಸುವ ಅಢಾವೆ ಪತ್ರಿಕೆಯಲ್ಲಿ ಸಾಲದ ಮೊತ್ತವಿರುತ್ತದೆ. ಬಡ್ಡಿ ಕಟ್ಟುವುದಕ್ಕೆ ಮುಂಚಿನ ಲಾಭ ಆ ಬಡ್ಡಿಯ ಎಷ್ಟು ಪಟ್ಟು ಇದೆಯೆಂದು ನೋಡಬೇಕು. ಗಳಿಕೆಯ ಬಹುಭಾಗ ಬಡ್ಡಿಗೇ ಹೋಗುವ ಕಂಪೆನಿ, ವ್ಯಾಪಾರ ಕೊಂಚ ಕುಂದಿದರೂ ತತ್ತರಿಸುತ್ತದೆ.

ನಾಲ್ಕನೆಯದು, ಸಣ್ಣ ಅಕ್ಷರಗಳ ಟಿಪ್ಪಣಿಗಳು. ಅಧ್ಯಕ್ಷರ ಬಂಧುಗಳ ಕಂಪೆನಿಗೆ ಸಾಲ ಕೊಟ್ಟಿದೆಯೆ, ಅವರ ಕಟ್ಟಡಕ್ಕೆ ಬಾಡಿಗೆ ತೆರುತ್ತಿದೆಯೆ, ಬೇರೆಯವರ ಸಾಲಕ್ಕೆ ಜಾಮೀನು ನಿಂತಿದೆಯೆ ಎಂಬುದೆಲ್ಲ ಅಲ್ಲಿರುತ್ತದೆ. ಲೆಕ್ಕ ಪರಿಶೋಧಕರ ವರದಿಯನ್ನೂ ಬಿಡಬಾರದು. ಅವರು ಷರತ್ತು ಹಾಕಿ ಸಹಿ ಮಾಡಿದ್ದರೆ, ಅಥವಾ ಅವಧಿ ಮುಗಿಯುವ ಮುಂಚೆಯೇ ಕೆಲಸ ಬಿಟ್ಟಿದ್ದರೆ, ಕಾರಣವನ್ನು ತಿಳಿಯದೆ ಮುಂದುವರಿಯುವುದು ಸಲ್ಲದು.

ಐದನೆಯದು, ಕಂಪೆನಿಯನ್ನು ಕಟ್ಟಿದ ಪ್ರವರ್ತಕರ ಸ್ವಂತ ಪಾಲು. ಅದು ಹೆಚ್ಚುತ್ತಿದೆಯೊ, ಕರಗುತ್ತಿದೆಯೊ, ಸಾಲಕ್ಕೆ ಒತ್ತೆ ಬಿದ್ದಿದೆಯೊ ಎಂಬುದು ಮೂರು ತಿಂಗಳಿಗೊಮ್ಮೆ ಪ್ರಕಟವಾಗುತ್ತದೆ.

ಸತ್ಯಂ ಕಂಪೆನಿಯ ಕಥೆ

ಈ ಪ್ರಶ್ನೆಗಳಿಗೆ ಎಷ್ಟು ಬೆಲೆಯಿದೆ, ಅವುಗಳ ಎಲ್ಲೆ ಎಲ್ಲಿದೆ ಎಂಬುದನ್ನು ತಿಳಿಯಲು ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವಿಸಸ್ ಕಂಪೆನಿಯ ಕಥೆಗಿಂತ ಉತ್ತಮವಾದ ನಿದರ್ಶನ ಸಿಕ್ಕಲಾರದು. ೧೯೮೭ರಲ್ಲಿ ಬಿ. ರಾಮಲಿಂಗ ರಾಜು ಅವರು ಸ್ಥಾಪಿಸಿದ ಈ ಕಂಪೆನಿ ದೇಶದ ಮುಂಚೂಣಿಯ ಸಾಫ್ಟ್‌ವೇರ್ ಸಂಸ್ಥೆಗಳಲ್ಲೊಂದಾಗಿ ಬೆಳೆಯಿತು. ೨೦೦೧ರಲ್ಲಿ ನ್ಯೂಯಾರ್ಕಿನ ಷೇರು ಪೇಟೆಯನ್ನೂ ಪ್ರವೇಶಿಸಿತು. ೨೦೦೮ರ ಸೆಪ್ಟೆಂಬರಿನಲ್ಲಿ, ಉತ್ತಮ ಆಡಳಿತಕ್ಕಾಗಿ ‘ಗೋಲ್ಡನ್ ಪೀಕಾಕ್’ ಪ್ರಶಸ್ತಿಯನ್ನೂ ಪಡೆಯಿತು. ಮಧ್ಯಮ ವರ್ಗದ ಎಷ್ಟೋ ಕುಟುಂಬಗಳು ಇದಕ್ಕಿಂತ ಭದ್ರವಾದ ಷೇರು ಯಾವುದಿದ್ದೀತೆಂದು ನೆಮ್ಮದಿಯಾಗಿದ್ದವು.

೨೦೦೮ರ ಡಿಸೆಂಬರ್ ೧೬ರಂದು ಸತ್ಯಂ ಕಂಪೆನಿಯ ನಿರ್ದೇಶಕ ಮಂಡಲಿ ಒಂದು ಪ್ರಕಟಣೆ ಹೊರಡಿಸಿತು. ಭೂಮಿ ಮತ್ತು ಕಟ್ಟಡಗಳ ವ್ಯವಹಾರದಲ್ಲಿದ್ದ ‘ಮೈತಾಸ್’ ಹೆಸರಿನ ಎರಡು ಕಂಪೆನಿಗಳನ್ನು ಸುಮಾರು ೧೬೦ ಕೋಟಿ ಡಾಲರಿಗೆ ವಶಮಾಡಿಕೊಳ್ಳುವುದು ಅದರ ಉದ್ದೇಶ. ಮೈತಾಸ್ ಕಂಪೆನಿಗಳು ಅಧ್ಯಕ್ಷರ ಕುಟುಂಬದವರ ಹಿಡಿತದಲ್ಲಿದ್ದವು. ಸತ್ಯಂ ಎಂಬ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದಾಗಿ ಓದಿದರೆ ಮೈತಾಸ್ ಆಗುತ್ತದೆ! ಸಾಫ್ಟ್‌ವೇರ್ ಬರೆಯುವ ಕಂಪೆನಿಗೆ ಅಧ್ಯಕ್ಷರ ಮನೆಯವರ ಜಮೀನು ವ್ಯವಹಾರವೇಕೆಂದು ಷೇರುದಾರರು ಕೆರಳಿದರು. ಕೆಲವೇ ಗಂಟೆಗಳಲ್ಲಿ ಪ್ರಸ್ತಾಪವನ್ನು ಹಿಂತೆಗೆದುಕೊಂಡರೂ ಮರುದಿನ ಷೇರಿನ ಬೆಲೆ ಸುಮಾರು ಶೇಕಡಾ ೩೦ರಷ್ಟು ಕುಸಿಯಿತು. ಸ್ವತಂತ್ರ ನಿರ್ದೇಶಕರು ಒಬ್ಬರಾದ ಮೇಲೊಬ್ಬರು ರಾಜೀನಾಮೆ ಕೊಟ್ಟರು. ಪ್ರವರ್ತಕರ ಷೇರುಗಳು ಸಾಲಕ್ಕೆ ಒತ್ತೆ ಬಿದ್ದಿವೆಯೆಂಬ ಸುದ್ದಿಯೂ ತಿಂಗಳ ಕೊನೆಗೆ ಹೊರಬಿತ್ತು.

೨೦೦೯ರ ಜನವರಿ ೭ರಂದು ರಾಜು ಅವರು ನಿರ್ದೇಶಕ ಮಂಡಲಿಗೆ ಪತ್ರ ಬರೆದು, ಕಂಪೆನಿಯ ಲೆಕ್ಕಗಳು ವರ್ಷಗಳಿಂದ ಸುಳ್ಳೆಂದು ಒಪ್ಪಿಕೊಂಡರು. ಪುಸ್ತಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕು ಶಿಲ್ಕು ೫,೩೬೧ ಕೋಟಿ ರೂಪಾಯಿ. ಅದರಲ್ಲಿ ೫,೦೪೦ ಕೋಟಿ ಇರಲೇ ಇಲ್ಲ. ಎಂದರೆ, ಪುಸ್ತಕದ ಪ್ರತಿ ನೂರು ರೂಪಾಯಿಯಲ್ಲಿ ತೊಂಬತ್ತನಾಲ್ಕು ರೂಪಾಯಿ ಕೇವಲ ಕಲ್ಪನೆ. ಇಲ್ಲದ ಹಣಕ್ಕೆ ೩೭೬ ಕೋಟಿ ರೂಪಾಯಿ ಬಡ್ಡಿಯನ್ನೂ ಬರೆದುಕೊಳ್ಳಲಾಗಿತ್ತು. ಹಿಂದಿನ ಸೆಪ್ಟೆಂಬರಿಗೆ ಮುಗಿದ ಮೂರು ತಿಂಗಳ ವ್ಯಾಪಾರದ ಲಾಭ ೬೪೯ ಕೋಟಿಯೆಂದು ಸಾರಲಾಗಿತ್ತು. ನಿಜವಾದದ್ದು ೬೧ ಕೋಟಿ. ಮೈತಾಸ್ ಖರೀದಿಯೆಂಬುದು ಇಲ್ಲದ ನಗದಿನ ಜಾಗದಲ್ಲಿ ನಿಜವಾದ ಆಸ್ತಿಯನ್ನು ತಂದಿಡುವ ಕೊನೆಯ ಪ್ರಯತ್ನವಾಗಿತ್ತೆಂಬುದೂ ಆ ಪತ್ರದಿಂದ ತಿಳಿಯಿತು.

ಹಿಂದಿನ ದಿನ ಸುಮಾರು ೧೭೯ ರೂಪಾಯಿ ಇದ್ದ ಷೇರು ಅಂದು ಸಂಜೆಗೆ ಸುಮಾರು ೪೦ಕ್ಕೆ ಇಳಿಯಿತು. ಐದು ನೂರು ಷೇರುಗಳನ್ನು ಇಟ್ಟುಕೊಂಡಿದ್ದ ಸಂಸಾರದ ೮೯,೫೦೦ ರೂಪಾಯಿ ಒಂದೇ ಹಗಲಿನಲ್ಲಿ ೨೦,೦೦೦ ಆಯಿತು. ಸರ್ಕಾರವು ನಿರ್ದೇಶಕ ಮಂಡಲಿಯನ್ನು ತೆಗೆದುಹಾಕಿ ಹೊಸಬರನ್ನು ನೇಮಿಸಿದ್ದರಿಂದ ಕಂಪೆನಿ ಉಳಿಯಿತು. ಅದೇ ವರ್ಷದ ಏಪ್ರಿಲಿನಲ್ಲಿ ಟೆಕ್ ಮಹೀಂದ್ರ ಸಂಸ್ಥೆ ಹರಾಜಿನಲ್ಲಿ ಅದನ್ನು ಗೆದ್ದುಕೊಂಡಿತು. ೨೦೧೩ರಲ್ಲಿ ಎರಡೂ ಒಂದಾದವು. ೨೦೧೫ರ ಏಪ್ರಿಲಿನಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯವು ರಾಜು ಅವರಿಗೂ ಇತರ ಒಂಬತ್ತು ಮಂದಿಗೂ ಏಳು ವರ್ಷಗಳ ಸೆರೆವಾಸ ವಿಧಿಸಿತು. ಮರುತಿಂಗಳು ಮೇಲ್ಮನವಿಯಲ್ಲಿ ಆ ಶಿಕ್ಷೆಯನ್ನು ಅಮಾನತಿನಲ್ಲಿ ಇಡಲಾಯಿತು.

ಹಾಗಾದರೆ ಸಾಮಾನ್ಯ ಷೇರುದಾರನು ಇದನ್ನು ಮೊದಲೇ ಕಂಡುಕೊಳ್ಳಬಹುದಾಗಿತ್ತೆ? ಪೂರ್ತಿಯಾಗಿ ಸಾಧ್ಯವಿರಲಿಲ್ಲ. ಬ್ಯಾಂಕಿನ ಕಾಗದಗಳನ್ನೇ ಸೃಷ್ಟಿಸಿದ್ದಾಗ, ಲೆಕ್ಕ ಪರಿಶೋಧಕರು ಅವುಗಳ ಮೇಲೆ ಸಹಿ ಹಾಕಿದ್ದಾಗ, ಮನೆಯಲ್ಲಿ ಕುಳಿತು ವರದಿ ಓದುವವನಿಗೆ ಶಿಲ್ಕಿನ ಸುಳ್ಳು ಕಾಣುವುದು ಕಷ್ಟ. ಆದರೆ ಕಾಣುವಂಥ ಸಂಗತಿಗಳೂ ಇದ್ದವು. ಇಷ್ಟೊಂದು ಲಾಭ ತರುವ ಕಂಪೆನಿಯಲ್ಲಿ ಪ್ರವರ್ತಕರ ಪಾಲು ವರ್ಷದಿಂದ ವರ್ಷಕ್ಕೆ ಕರಗಿ ೨೦೦೮ರ ವೇಳೆಗೆ ಶೇಕಡಾ ಹತ್ತಕ್ಕಿಂತ ಕೆಳಗೆ ಇಳಿದಿತ್ತು. ಸ್ವಂತ ಕುಟುಂಬದ ಕಂಪೆನಿಯನ್ನು ಷೇರುದಾರರ ಹಣದಿಂದ ಕೊಳ್ಳುವ ಪ್ರಸ್ತಾಪವಂತೂ ಹಗಲು ಬೆಳಕಿನಲ್ಲಿಯೇ ನಡೆಯಿತು. ಆ ದಿನಕ್ಕೂ ತಪ್ಪೊಪ್ಪಿಗೆಯ ದಿನಕ್ಕೂ ನಡುವೆ ಮೂರು ವಾರಗಳ ಅಂತರವಿತ್ತು. ‘ಇಷ್ಟು ದೊಡ್ಡ ಕಂಪೆನಿಗೆ ಏನಾದೀತು’ ಎಂದು ಸುಮ್ಮನಿದ್ದವರೇ ಹೆಚ್ಚು ನೊಂದವರು. ಆಡಳಿತದವರ ನಡತೆಯಲ್ಲಿ ಸಂಶಯ ಹುಟ್ಟಿದ ದಿನ ಬೆಲೆಯ ಲೆಕ್ಕವನ್ನು ಬದಿಗಿಡಬೇಕೆಂಬುದು ಸತ್ಯಂ ಕಲಿಸಿದ ಪಾಠ. ಪ್ರವರ್ತಕರು ಒತ್ತೆ ಇಟ್ಟ ಷೇರುಗಳ ವಿವರವನ್ನು ಪ್ರಕಟಿಸುವುದನ್ನು ಸೆಬಿ ಕಡ್ಡಾಯಮಾಡಿದ್ದೂ ಈ ಹಗರಣದ ಬೆನ್ನಿಗೇ, ೨೦೦೯ರ ಜನವರಿಯಲ್ಲಿ.

ಅಗ್ಗವೂ ದುಬಾರಿಯೂ

ಕಂಪೆನಿ ಒಳ್ಳೆಯದೆಂದು ಮನವರಿಕೆಯಾದ ಮೇಲೆ ಬೆಲೆಯ ವಿಚಾರ. ಐದು ರೂಪಾಯಿಯ ಷೇರು ಅಗ್ಗ, ಇನ್ನೂರು ರೂಪಾಯಿಯದು ದುಬಾರಿ ಎಂಬ ಭ್ರಮೆ ಬಹಳ ಮಂದಿಗಿದೆ. ಇನ್ನೂರು ರೂಪಾಯಿಯ ಷೇರಿಗೆ ವರ್ಷಕ್ಕೆ ಹತ್ತು ರೂಪಾಯಿ ಗಳಿಕೆಯಿದ್ದರೆ, ಕೊಳ್ಳುವವನು ಗಳಿಕೆಯ ಇಪ್ಪತ್ತರಷ್ಟು ಕೊಟ್ಟಂತಾಯಿತು. ಐದು ರೂಪಾಯಿಯ ಷೇರಿಗೆ ಹತ್ತು ಪೈಸೆ ಗಳಿಕೆಯಿದ್ದರೆ ಕೊಟ್ಟದ್ದು ಐವತ್ತರಷ್ಟು. ದುಬಾರಿ ಯಾವುದೆಂದು ಹೇಳಬೇಕಾಗಿಲ್ಲ. ಸಣ್ಣ ಬೆಲೆಯ ಅಜ್ಞಾತ ಷೇರುಗಳನ್ನು ಮೊದಲು ತಾವು ಕೂಡಿಟ್ಟು, ಸಂದೇಶಗಳ ಮೂಲಕ ಗುಲ್ಲೆಬ್ಬಿಸಿ, ಬೆಲೆ ಏರಿದಾಗ ಮಾರಿ ಜಾರಿಕೊಳ್ಳುವವರಿಗೆ ಈ ಭ್ರಮೆಯೇ ಬಂಡವಾಳ. ಸಲಹೆ ಕೊಡುವವರು ಸೆಬಿಯಲ್ಲಿ ನೋಂದಾಯಿತರೊ ಅಲ್ಲವೊ ಎಂಬುದನ್ನು ಸೆಬಿಯ ಜಾಲತಾಣದಲ್ಲಿಯೇ ನೋಡಬಹುದು.

ಜನಪ್ರಿಯತೆಯನ್ನೂ ಪ್ರಮಾಣವೆಂದು ಹಿಡಿಯಬಾರದು. ಬೆಂಗಳೂರಿನ ಇನ್ಫೋಸಿಸ್ ೧೯೯೩ರ ಫೆಬ್ರವರಿಯಲ್ಲಿ ೯೫ ರೂಪಾಯಿಯಂತೆ ಷೇರುಗಳನ್ನು ಜನರ ಮುಂದಿಟ್ಟಾಗ ಅವು ಪೂರ್ತಿಯಾಗಿ ಮಾರಾಟವಾಗಲೇ ಇಲ್ಲ. ಉಳಿದುದನ್ನು ಅಮೆರಿಕದ ಮಾರ್ಗನ್ ಸ್ಟ್ಯಾನ್ಲಿ ಸಂಸ್ಥೆ ಅದೇ ಬೆಲೆಗೆ ಕೊಂಡು ಕಂಪೆನಿಯ ಶೇಕಡಾ ೧೩ರಷ್ಟು ಪಾಲನ್ನು ಪಡೆಯಿತು. ಜೂನ್ ತಿಂಗಳಿನಲ್ಲಿ ಪೇಟೆಯಲ್ಲಿ ವ್ಯವಹಾರ ಆರಂಭವಾದಾಗ ಬೆಲೆ ೧೪೫ ರೂಪಾಯಿ. ಪ್ರಶಸ್ತಿ ಪಡೆದ ಕಂಪೆನಿ ನಾಲ್ಕು ತಿಂಗಳಿಗೆ ಮುಳುಗಿತು. ಜನ ಕೈಬಿಟ್ಟ ಕಂಪೆನಿ ದಶಕಗಳ ಕಾಲ ಬೆಳೆಯಿತು. ಗುಂಪು ನುಗ್ಗಿತೆಂದು ನುಗ್ಗುವುದೂ, ಯಾರೂ ಬರಲಿಲ್ಲವೆಂದು ಹಿಂಜರಿಯುವುದೂ ವಿಚಾರಣೆಯಲ್ಲ.

ವಿಚಾರಣೆಯ ಎಲ್ಲೆ

ಎಷ್ಟು ಓದಿದರೂ ನಾಳೆಯ ಸಂಗತಿ ಯಾರಿಗೂ ತಿಳಿಯದು. ಪ್ರಾಮಾಣಿಕ ಕಂಪೆನಿಯೂ ಹೊಸ ಯಂತ್ರ, ಹೊಸ ಕಾನೂನು, ಹೊಸ ಪ್ರತಿಸ್ಪರ್ಧಿಗಳಿಂದ ಸೊರಗಬಹುದು. ಆದ್ದರಿಂದ ವಿಚಾರಣೆ ಮುಗಿದ ಮೇಲೂ ಮಿತಿಯ ಅಗತ್ಯ ಉಳಿಯುತ್ತದೆ. ಮುಂದಿನ ಐದು ವರ್ಷಗಳಲ್ಲಿ ಮಕ್ಕಳ ಓದಿಗೊ ಮದುವೆಗೊ ಬೇಕಾಗುವ ಹಣವನ್ನು ಷೇರಿಗೆ ಹಾಕಬಾರದು. ಸಾಲ ತಂದು ಎಂದೂ ಹಾಕಬಾರದು. ನಿವೃತ್ತಿಯಲ್ಲಿ ಬಂದ ಭವಿಷ್ಯನಿಧಿಯ ಇಡಿಗಂಟನ್ನು ಒಂದೇ ಕಂಪೆನಿಯಲ್ಲಿ ಇಡುವುದು, ಆ ಕಂಪೆನಿ ಎಷ್ಟೇ ದೊಡ್ಡದಿರಲಿ, ಅವಿವೇಕ. ವರದಿ ಓದುವ ವ್ಯವಧಾನವಿಲ್ಲದವರು ಬಿಡಿ ಷೇರುಗಳ ಗೊಡವೆಗೆ ಹೋಗದೆ, ಅನೇಕ ಕಂಪೆನಿಗಳಲ್ಲಿ ಹಣವನ್ನು ಹಂಚುವ ಮ್ಯೂಚುಯಲ್ ಫಂಡುಗಳನ್ನು ಆಶ್ರಯಿಸುವುದು ಮೇಲು.

ಕೊಳ್ಳಲು ನಿರ್ಧರಿಸಿದವರು ಒಂದು ಹಾಳೆಯಲ್ಲಿ ಸ್ವಹಸ್ತದಿಂದ ನಾಲ್ಕು ಸಾಲು ಬರೆದಿಡಬೇಕು: ಕಂಪೆನಿ ಏನು ಮಾಡುತ್ತದೆ, ಲಾಭ ಕೈಗೆ ಬರುತ್ತಿದೆಯೆ, ಸಾಲವೆಷ್ಟು, ಯಾವ ಕಾರಣ ಕಂಡರೆ ಮಾರಿಬಿಡಬೇಕು. ಅದನ್ನು ಮನೆಯವರಿಗೂ ಓದಿ ಹೇಳಬೇಕು. ಉಳಿತಾಯದಲ್ಲಿ ಅವರ ಬೆವರೂ ಇದೆ. ಮರುವರ್ಷದ ವರದಿ ಬಂದಾಗ ಆ ಹಾಳೆಯನ್ನು ತೆಗೆದು ಹೊಸ ಅಂಕಿಗಳೊಡನೆ ಹೋಲಿಸಿದರೆ, ಷೇರನ್ನು ಇಟ್ಟುಕೊಳ್ಳಬೇಕೊ ಬಿಡಬೇಕೊ ಎಂಬುದನ್ನು ಪೇಟೆಯ ಗದ್ದಲಕ್ಕೆ ಕಿವಿಗೊಡದೆ ಮನೆಯಲ್ಲಿಯೇ ತೀರ್ಮಾನಿಸಬಹುದು. ಇದಕ್ಕೆಲ್ಲ ಎರಡು ಭಾನುವಾರಗಳ ಬಿಡುವು ಸಾಕು. ಹತ್ತು ವರ್ಷ ಕೂಡಿಟ್ಟ ಹಣಕ್ಕೆ ಅಷ್ಟು ಹೊತ್ತು ಹೆಚ್ಚೇನಲ್ಲ.